ಪುನರುತ್ಥಾನ ಮತ್ತು ನಮ್ಮ ನಿತ್ಯ ಜೀವನ

(ಬಿ.ಎ. ಅಂತಿಮ ವರ್ಷದ ವಿದ್ಯಾರ್ಥಿನಿ)

ಹುಟ್ಟಿದವರಿಗೆ ಮರಣವು ತಪ್ಪಿದ್ದಲ್ಲವೆಂಬ ಮಾತನ್ನು ಯಾವ ಮತದವರೂ ಅಲ್ಲಗಳೆಯುವುದಿಲ್ಲ. ಮತಗಳು ಬೇರೆ ಬೇರೆಯಾಗುವುದು ಅದರ ಮುಂದಿನ ಮಾತಿನಲ್ಲಿ. ಸತ್ತ ಮೇಲೆ ಏನು? ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಯಾವುದಾದರೊಂದು ದೊಡ್ಡ ಊರಿಗೆ ಹೋದರೆ ಊರ ಹೊರಗಿನ ಭೂಮಿಯೇ ಈ ಪ್ರಶ್ನೆಗೆ ಮೂರು ನಾಲ್ಕು ಬಗೆಯ ಉತ್ತರ ಕೊಡುತ್ತದೆ. ಲಿಂಗಾಯತರು ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿ, ಕುಳಿತ ಭಂಗಿಯಲ್ಲಿಯೇ ತಮ್ಮವರನ್ನು ಸಮಾಧಿ ಮಾಡಿ, ಲಿಂಗೈಕ್ಯರಾದರೆಂದು ಹೇಳುತ್ತಾರೆ. ಮುಸಲ್ಮಾನರು ಕಾಬಾದ ಕಡೆಗೆ ಮುಖ ತಿರುಗಿಸಿ ಮಲಗಿಸುತ್ತಾರೆ. ದಹನ ಮಾಡುವವರು ದೇಹವನ್ನು ಅಗ್ನಿಗೆ ಒಪ್ಪಿಸುತ್ತಾರೆ. ಬೆರಳೆಣಿಕೆಯಷ್ಟು ಮನೆಗಳಿರುವ ನಾವು ಕ್ರೈಸ್ತರು ತಲೆಯನ್ನು ಪಡುವಣಕ್ಕೂ ಕಾಲನ್ನು ಮೂಡಣಕ್ಕೂ ಇಟ್ಟು ಮಲಗಿಸುತ್ತೇವೆ. ಎದ್ದು ನಿಂತಾಗ ಮುಖವು ಸೂರ್ಯೋದಯದ ಕಡೆಗೆ ಇರಲೆಂಬುದು ಅದರ ಭಾವ. ಎದ್ದು ನಿಂತಾಗ! ಈ ಲೇಖನವೆಲ್ಲವೂ ಆ ಎರಡು ಶಬ್ದಗಳ ಸುತ್ತಲೇ ಸುತ್ತುತ್ತದೆ.

ನಮ್ಮ ಕಾಲೇಜಿನಲ್ಲಿ ಕ್ರಿಸ್ಮಸ್ ಹಬ್ಬವನ್ನು ಅರಿಯದವರಿಲ್ಲ. ಡಿಸೆಂಬರ ತಿಂಗಳು ಬಂತೆಂದರೆ ಕೇಕು ಯಾವಾಗ ತರುವಿಯೆಂದು ಗೆಳತಿಯರು ಕೇಳುತ್ತಾರೆ. ಆದರೆ ಕ್ರೈಸ್ತರ ಹಬ್ಬಗಳಲ್ಲಿ ಮೊದಲನೆಯದೂ ಮುಖ್ಯವಾದದ್ದೂ ಕ್ರಿಸ್ಮಸ್ ಅಲ್ಲ. ಯೇಸುಸ್ವಾಮಿಯು ಮರಣದಿಂದ ಎದ್ದದ್ದನ್ನು ನೆನೆಯುವ ಈಸ್ಟರ್, ಅಂದರೆ ಪುನರುತ್ಥಾನದ ಹಬ್ಬ. ವಾರಕ್ಕೊಮ್ಮೆ ರವಿವಾರ ನಾವು ಆರಾಧನೆಗೆ ಕೂಡುವುದೂ ಆ ಎದ್ದ ದಿನದ ನೆನಪಿಗಾಗಿಯೇ. ಇದರ ಅರ್ಥವೇನು, ಇದರಿಂದ ದಿನದ ಬದುಕಿಗೆ ಆಗುವುದೇನು ಎಂಬುದನ್ನು ನನಗೆ ತಿಳಿದಷ್ಟು ಬರೆಯಬೇಕೆಂದು ಬಹಳ ದಿನದಿಂದ ಮನಸ್ಸಿನಲ್ಲಿತ್ತು. ಯಾರನ್ನೂ ನನ್ನ ಮತಕ್ಕೆ ಕರೆಯುವುದು ನನ್ನ ಉದ್ದೇಶವಲ್ಲ. ನೆರೆಮನೆಯವರು ಏನನ್ನು ನಂಬಿ ಬದುಕುತ್ತಾರೆಂಬುದನ್ನು ತಿಳಿದುಕೊಳ್ಳುವುದು ವಿದ್ಯೆಯ ಒಂದು ಭಾಗವೆಂದು ನನ್ನ ಎಣಿಕೆ.

ಮೊದಲು ಶಬ್ದವನ್ನೇ ನೋಡೋಣ. ಪುನಃ ಎಂದರೆ ಮತ್ತೆ. ಉತ್ಥಾನ ಎಂದರೆ ಏಳುವುದು. ಈ ಉತ್ಥಾನವು ನಮ್ಮ ನಾಡಿಗೆ ಹೊಸದಲ್ಲ. ಕಾರ್ತಿಕ ಮಾಸದಲ್ಲಿ ತುಳಸಿ ಕಟ್ಟೆಯ ಮುಂದೆ ಪೂಜೆ ಮಾಡುವ ದಿನಕ್ಕೆ ಉತ್ಥಾನ ದ್ವಾದಶಿಯೆಂದೇ ಹೆಸರಿದೆ. ಮಲಗಿದ್ದ ವಿಷ್ಣುವು ಏಳುವ ಕಾಲವೆಂದು ಅದನ್ನು ಆಚರಿಸುತ್ತಾರೆ. ಹೊಸ ಒಡಂಬಡಿಕೆಯನ್ನು ಬರೆದ ಗ್ರೀಕ್ ಭಾಷೆಯಲ್ಲಿಯೂ ಇದಕ್ಕೆ ಬಳಸಿದ ಶಬ್ದಗಳು ಬಹು ಸಾದಾ ಶಬ್ದಗಳು. ನಿದ್ದೆಯಿಂದ ಏಳುವುದು, ಕುಳಿತವನು ಎದ್ದು ನಿಲ್ಲುವುದು, ಇವಕ್ಕೂ ಅವೇ ಶಬ್ದಗಳು. ಕ್ರೈಸ್ತರ ಸ್ಮಶಾನಕ್ಕೆ ಹಳೆಯ ಗ್ರೀಕರು ಇಟ್ಟ ಹೆಸರಿಗೆ ಮಲಗುವ ಮನೆಯೆಂದು ಅರ್ಥ.

ಆದರೆ ಶಬ್ದವು ಸುಲಭವಾದಷ್ಟು ಅರ್ಥವು ಸುಲಭವಲ್ಲ. ಬಾಗೇವಾಡಿಯ ಕಡೆಯ ಗೆಳತಿಯೊಬ್ಬಳು ಒಮ್ಮೆ ನನ್ನನ್ನು ಕೇಳಿದಳು: “ಹಂಗಾರ ನಿಮ್ಮಾಗೂ ಸತ್ತವ್ರು ಮತ್ತ ಹುಟ್ಟಿ ಬರತಾರ ಅಂತಾರೇನವಾ?” ಇಲ್ಲ, ಪುನರುತ್ಥಾನವು ಪುನರ್ಜನ್ಮವಲ್ಲ. ಪುನರ್ಜನ್ಮದಲ್ಲಿ ಜೀವವು ಬೇರೆ ದೇಹವನ್ನು, ಬೇರೆ ಹೆಸರನ್ನು ಪಡೆಯುತ್ತದೆ. ಪುನರುತ್ಥಾನದಲ್ಲಿ ಏಳುವವನು ಮಲಗಿದವನೇ. ದೇಹವು ಬಿದ್ದರೂ ಆತ್ಮವು ಉಳಿಯುತ್ತದೆ ಎಂಬಷ್ಟೇ ಮಾತೂ ಇದಲ್ಲ. ಅದನ್ನು ಗ್ರೀಕ್ ತತ್ತ್ವಜ್ಞಾನಿಗಳು ಮೊದಲೇ ಹೇಳಿದ್ದರು. ಸತ್ತವನು ಕೆಲವು ಕಾಲ ಬದುಕಿ ಮತ್ತೆ ಸಾಯುವುದೂ ಅಲ್ಲ. ಲಾಜರನು ಹಾಗೆ ಎದ್ದವನು, ಅವನು ಮತ್ತೊಮ್ಮೆ ಸಾಯಲೇಬೇಕಾಯಿತು. ದೇವರು ಇಡಿಯ ಮನುಷ್ಯನನ್ನು, ಅವನ ದೇಹ ನೆನಪು ಹೆಸರುಗಳೊಡನೆ, ಮತ್ತೆ ಸಾವಿಲ್ಲದ ಹೊಸ ಬಾಳಿಗೆ ಎಬ್ಬಿಸುವನು. ಯೇಸುವನ್ನು ಎಬ್ಬಿಸಿದ್ದು ಆ ಕೆಲಸದ ಆರಂಭ. ಇದೇ ಕ್ರೈಸ್ತರ ನಂಬಿಗೆ.

ಇದರ ಸಾಕ್ಷ್ಯಗಳಲ್ಲಿ ಬರೆಹಕ್ಕೆ ಬಂದ ಬಹು ಹಳೆಯದು ಸುವಾರ್ತೆಗಳಲ್ಲ. ಪೌಲನು ಸುಮಾರು ಕ್ರಿ.ಶ. 55ರಲ್ಲಿ ಕೊರಿಂಥದ ಸಭೆಗೆ ಬರೆದ ಮೊದಲನೆಯ ಪತ್ರಿಕೆ. ಅದರ 15ನೆಯ ಅಧ್ಯಾಯದಲ್ಲಿ, ಎದ್ದ ಯೇಸುವನ್ನು ಕಂಡವರ ಪಟ್ಟಿಯೇ ಇದೆ. ಕ್ರಿಸ್ತನು ಏಳದಿದ್ದರೆ ನಮ್ಮ ನಂಬಿಗೆಯೆಲ್ಲ ಬರಿದೇ ಎಂದು ಅವನು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತಾನೆ. ನಾಲ್ಕು ಸುವಾರ್ತೆಗಳಾದರೋ ಮತ್ತೊಂದು ವಿಷಯವನ್ನು ಹೇಳುತ್ತವೆ. ಬರಿದಾದ ಸಮಾಧಿಯನ್ನು ಮೊದಲು ಕಂಡವರು ಹೆಂಗಸರು. ಹೆಂಗಸರ ಸಾಕ್ಷ್ಯಕ್ಕೆ ಬೆಲೆ ಬಹು ಕಡಿಮೆಯಿದ್ದ ಕಾಲವದು. ಅವರು ಓಡಿಬಂದು ಹೇಳಿದ್ದನ್ನು ಶಿಷ್ಯರು ಹುಚ್ಚುಮಾತೆಂದು ಎಣಿಸಿದರೆಂದು ಲೂಕನು ಬರೆದಿದ್ದಾನೆ. ಕಥೆ ಕಟ್ಟಬೇಕೆಂದು ಹೊರಟವರು ಇಂಥ ಸಾಕ್ಷಿಗಳನ್ನು ಆರಿಸಿಕೊಳ್ಳುತ್ತಿರಲಿಲ್ಲ. ಮನೆಯಲ್ಲಿ ಮೊದಲ ಬಾರಿಗೆ ಪದವಿಯ ತರಗತಿಗೆ ಬಂದ ಹೆಣ್ಣುಮಗಳಾದ ನನಗೆ ಈ ಭಾಗವನ್ನು ಓದಿದಾಗಲೆಲ್ಲ ಒಂದು ಬಗೆಯ ಧೈರ್ಯ ಬರುತ್ತದೆ.

ಎದ್ದ ಯೇಸು ಏನು ಮಾಡಿದನೆಂಬುದೂ ಗಮನಿಸತಕ್ಕದ್ದು. ಆತನು ಅರಮನೆಗೆ ಹೋಗಿ ತನ್ನನ್ನು ಶಿಲುಬೆಗೆ ಹಾಕಿಸಿದವರ ಮುಂದೆ ನಿಲ್ಲಲಿಲ್ಲ. ಎಮ್ಮಾಹು ಎಂಬ ಹಳ್ಳಿಯ ದಾರಿಯಲ್ಲಿ ದುಃಖದಿಂದ ನಡೆಯುತ್ತಿದ್ದ ಇಬ್ಬರ ಜೊತೆಗೆ ನಡೆದನು. ಅವರ ಮನೆಯಲ್ಲಿ ರೊಟ್ಟಿ ಮುರಿದನು. ತಿಬೇರಿಯ ಸಮುದ್ರದ ದಂಡೆಯಲ್ಲಿ ಕೆಂಡದ ಮೇಲೆ ಮೀನು ಸುಟ್ಟು, ರಾತ್ರಿಯೆಲ್ಲ ದುಡಿದು ದಣಿದವರನ್ನು ಊಟಕ್ಕೆ ಕರೆದನು. ತೋಮನಿಗೆ ತೋರಿಸಿದ ದೇಹದಲ್ಲಿ ಮೊಳೆಗಳ ಗಾಯಗಳು ಹಾಗೆಯೇ ಇದ್ದವು. ಪುನರುತ್ಥಾನವು ಗಾಯಗಳನ್ನು ಅಳಿಸಿಬಿಡಲಿಲ್ಲ. ಅವುಗಳ ನೋವನ್ನು ಗೆದ್ದಿತು.

ಈ ವಾರ್ತೆಯು ನಮ್ಮ ನಾಡಿಗೆ ಬಂದ ದಾರಿಗಳು ಒಂದೆರಡಲ್ಲ. ಮುದ್ದೇಬಿಹಾಳದಿಂದ ಕೃಷ್ಣೆಯನ್ನು ದಾಟಿ ತೆಂಕಣಕ್ಕೆ ಹೋದರೆ ಸಿಗುವ ಮುದಗಲ್ಲಿನಲ್ಲಿ, ಬಿಜಾಪುರದ ಆದಿಲಶಾಹಿಗಳ ಕಾಲದಲ್ಲಿ, ಅಂದರೆ 16ನೆಯ ಶತಮಾನದಲ್ಲಿಯೇ, ಗೋವೆಯಿಂದ ಬಂದ ಪಾದ್ರಿಗಳು ಕ್ಯಾಥೊಲಿಕ್ ಸಭೆಯನ್ನು ನೆಲೆಗೊಳಿಸಿದರು. 19ನೆಯ ಶತಮಾನದ ಮೊದಲ ಭಾಗದಲ್ಲಿ ಬಳ್ಳಾರಿಯ ಜಾನ್ ಹ್ಯಾಂಡ್ಸರು ಬೈಬಲನ್ನು ಕನ್ನಡಕ್ಕೆ ತಂದರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೂ, 1851ರಲ್ಲಿ ಗುಳೇದಗುಡ್ಡಕ್ಕೂ, 1885ರಲ್ಲಿ ಬಿಜಾಪುರಕ್ಕೂ ಬಂದು ನಿಂತರು. 1894ರಲ್ಲಿ ಅಚ್ಚಾದ ನಿಘಂಟಿನ ಕರ್ತೃ ಕಿಟೆಲ್ಲರು ಇದೇ ಮಿಶನ್ನಿನವರೆಂಬುದು ಕನ್ನಡ ವಿದ್ಯಾರ್ಥಿಗಳಿಗೆ ತಿಳಿದೇ ಇದೆ. ನಡುವೆ 1876ರಿಂದ 78ರವರೆಗೆ ಧಾತು ಈಶ್ವರ ಸಂವತ್ಸರಗಳ ಘೋರ ಬರವು ಈ ಸೀಮೆಯ ಮೇಲೆ ಎರಗಿತ್ತು. ನಮ್ಮ ಹಿರಿಯರಲ್ಲೊಬ್ಬನು ಆ ಬರದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡು, ಗಂಜಿಯ ಕೇಂದ್ರವನ್ನು ಹುಡುಕುತ್ತ ಹೋಗಿ ಬದುಕಿಕೊಂಡನೆಂದು ಮನೆಯಲ್ಲಿ ಹೇಳುತ್ತಾರೆ. ಅನ್ನಕ್ಕಾಗಿ ಮತ ಬಿಟ್ಟನೆಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುವುದಿಲ್ಲ. ಊರ ಬಾವಿಯ ನೀರನ್ನು ಮುಟ್ಟಗೊಡದ ಕೇರಿಯಿಂದ ಹೊರಟ ಹುಡುಗನಿಗೆ, ‘ಏಳು’ ಎಂದು ಯಾರೋ ಕೈಹಿಡಿದು ಹೇಳಿದ್ದು ಅನ್ನಕ್ಕಿಂತ ಹೆಚ್ಚಾಗಿ ಕಂಡಿರಲೂಬಹುದು. ಹಾಗೆಂದು ನಮ್ಮ ಸಭೆಗಳೆಲ್ಲ ಜಾತಿಯ ಕೊಳೆಯಿಂದ ಪೂರ್ಣವಾಗಿ ಬಿಡುಗಡೆಯಾಗಿವೆಯೆಂದು ಹೇಳಲಾರೆ. ಆದರೆ ಒಂದೇ ಬಟ್ಟಲಿನಿಂದ ಕುಡಿಯುವ ನಾವು ಹಾಗಿರಕೂಡದೆಂಬುದಂತೂ ನಮಗೆ ಗೊತ್ತು.

ಈಸ್ಟರ್ ಬರುವುದು ಹುಣ್ಣಿಮೆಯ ಲೆಕ್ಕದಿಂದ. ಮಾರ್ಚ 21ರ ಸಮರಾತ್ರಿಯ ನಂತರದ ಹುಣ್ಣಿಮೆಯಾದ ಮೇಲೆ ಬರುವ ರವಿವಾರವೇ ಅದು. ಆದುದರಿಂದ ಅದು ಮಾರ್ಚ 22ಕ್ಕಿಂತ ಮೊದಲು ಬಾರದು, ಎಪ್ರಿಲ್ 25ನ್ನು ದಾಟದು. ನಮ್ಮ ಪಂಚಾಂಗದಲ್ಲಿ ಹೇಳುವುದಾದರೆ ಹೆಚ್ಚಾಗಿ ದವನದ ಹುಣ್ಣಿಮೆಯ ಬೆನ್ನಿಗೆ, ಕೆಲವು ವರ್ಷ ಹೋಳಿ ಹುಣ್ಣಿಮೆಯ ಬೆನ್ನಿಗೆ ಬರುತ್ತದೆ. ಯುರೋಪಿನ ಪುಸ್ತಕಗಳಲ್ಲಿ ಈಸ್ಟರ್ ಎಂದರೆ ಹಿಮ ಕರಗಿ ಹೂವು ಅರಳುವ ಕಾಲ. ಸತ್ತಂತಿದ್ದ ಭೂಮಿಯು ಮತ್ತೆ ಬದುಕುವುದನ್ನು ಕಂಡು ಅಲ್ಲಿಯ ಜನರು ಪುನರುತ್ಥಾನವನ್ನು ಸುಲಭವಾಗಿ ನೆನೆಯುತ್ತಾರೆ. ನಮ್ಮಲ್ಲಿ ಹಾಗಿಲ್ಲ. ಆಗ ಬಿಳಿಜೋಳದ ರಾಶಿ ಮುಗಿದು ಹೊಲಗಳು ಬರಿದಾಗಿರುತ್ತವೆ. ಎರೆಭೂಮಿ ಕಾಲು ಸಿಕ್ಕುವಷ್ಟು ಬಿರುಕು ಬಿಟ್ಟಿರುತ್ತದೆ. ಇಂಡಿಯ ಕಡೆಗೆ ಲಿಂಬೆಯ ಗಿಡಗಳನ್ನು ಉಳಿಸಿಕೊಳ್ಳಲು ಬರದ ವರ್ಷ ರೈತರು ಟ್ಯಾಂಕರಿನಿಂದ ನೀರು ಹಾಕಿಸುತ್ತಾರೆ. ಬೇವಿನ ಮರವೊಂದನ್ನು ಬಿಟ್ಟರೆ ಹಬ್ಬಕ್ಕೆ ತೋರಣವಾಗುವ ಚಿಗುರು ಕಾಣುವುದೇ ಅಪರೂಪ.

ಇದು ಕೊರತೆಯೆಂದು ನಾನು ತಿಳಿಯುವುದಿಲ್ಲ. ಬಿತ್ತಿದ ಕಾಳು ಮಣ್ಣಿನಲ್ಲಿ ಅಡಗಿ ತೆನೆಯಾಗುವುದನ್ನು ಪೌಲನೂ ಉಪಮೆಯಾಗಿ ಹೇಳಿದ್ದಾನೆ. ಕೂರಿಗೆಯ ಹಿಂದೆ ನಡೆದ ನಮ್ಮ ಜನಕ್ಕೆ ಅದು ಒಮ್ಮೆಲೇ ತಿಳಿಯುತ್ತದೆ. ಆದರೆ ಕಾಳು ಮೊಳೆಯುವುದು ಅದರ ಸ್ವಭಾವ; ಸತ್ತ ಮನುಷ್ಯನು ಏಳುವುದು ಅವನ ಸ್ವಭಾವವಲ್ಲ. ಕಡಿದ ಮರವು ನೀರಿನ ವಾಸನೆಗೆ ಚಿಗುರೀತು, ಮನುಷ್ಯನು ಮಲಗಿದರೆ ಏಳನು ಎಂದು ಹಳೆಯ ಒಡಂಬಡಿಕೆಯ ಯೋಬನು ಮರುಗಿದ್ದು ಇದಕ್ಕಾಗಿಯೇ. ಪುನರುತ್ಥಾನವು ಋತುವಿನಂತೆ ತಾನಾಗಿ ಬರುವುದಲ್ಲ, ಅದು ದೇವರ ಕೊಡುಗೆಯೆಂಬುದನ್ನು ಬಿರಿದ ನೆಲದ ಮೇಲೆ ನಿಂತು ಈಸ್ಟರ್ ಆಚರಿಸುವವರು ಹೂವಿನ ನಡುವೆ ನಿಂತವರಿಗಿಂತ ಚೆನ್ನಾಗಿ ಬಲ್ಲರು.

ಆ ದಿನ ನಸುಕಿನಲ್ಲಿಯೇ ನಾವು ಸ್ಮಶಾನಕ್ಕೆ ಹೋಗುತ್ತೇವೆ. ಹಿಂದಿನ ದಿನವೇ ಕಸ ತೆಗೆದು ಕಲ್ಲುಗಳಿಗೆ ಸುಣ್ಣ ಬಳಿದಿರುತ್ತೇವೆ. ಮೇಣದ ಬತ್ತಿ ಹಚ್ಚಿ ಹೂವು ಇಟ್ಟು ಹಾಡುತ್ತಿರುವಾಗ ಮೂಡಣದಲ್ಲಿ ಬೆಳಕು ಹರಿಯುತ್ತದೆ. ಇಲ್ಲಿ ನಮ್ಮ ಮನೆಯ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ.

ನಮ್ಮ ಹಿರಿಯರ ಊರು ಬಸವನ ಬಾಗೇವಾಡಿ ತಾಲೂಕಿನ ಕೃಷ್ಣೆಯ ದಂಡೆಯಲ್ಲಿತ್ತು. 1964ರಲ್ಲಿ ಲಾಲಬಹಾದೂರ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿಯ ಆಣೆಕಟ್ಟು 2005ರಲ್ಲಿ ಪೂರ್ಣವಾಯಿತು. 519.6 ಮೀಟರಿನವರೆಗೆ ನೀರು ನಿಲ್ಲುವ ಆ ಜಲಾಶಯದ ಹಿನ್ನೀರಿನಲ್ಲಿ ಎಷ್ಟೋ ಊರುಗಳು ಮುಳುಗಿದವು. ಹಳೆಯ ಕೊಲ್ಹಾರ ಮುಳುಗಿ ಹೊಸ ಕೊಲ್ಹಾರ ಎದ್ದಿತು. ಅಲ್ಲಿಯ ಗಡಿಗೆಯ ಮೊಸರು ಮಾತ್ರ ತನ್ನ ಹೆಸರನ್ನು ಉಳಿಸಿಕೊಂಡಿತು. ನಮ್ಮವರೂ ನಾನು ಹುಟ್ಟುವ ಮೊದಲೇ ಎತ್ತರದ ಪುನರ್ವಸತಿ ಕೇಂದ್ರಕ್ಕೆ ಬಂದರು. ಬಾಗಿಲು, ತೊಲೆ, ಬೀಸುವ ಕಲ್ಲು ಎಲ್ಲವೂ ಬಂದವು. ಮುತ್ಯಾನ ಗೋರಿಯೂ, ಅದರ ಮಗ್ಗುಲಿಗೆ ನಾಲ್ಕು ವರ್ಷದವನಾಗಿ ಜ್ವರದಿಂದ ತೀರಿಕೊಂಡ ನಮ್ಮ ಕಾಕಾನ ಗೋರಿಯೂ ಬರಲಿಲ್ಲ. ನೀರು ಬಹಳ ಇಳಿದ ವರ್ಷ ಬೇಸಗೆಯಲ್ಲಿ ಹಳೆಯ ಊರಿನ ಅಡಿಪಾಯಗಳು ಕೆಸರಿನಿಂದ ಮೇಲೆ ಕಾಣುತ್ತವೆ. ಅಂಥ ವರ್ಷ ಈಸ್ಟರಿನ ದಿನ ನಮ್ಮ ಆಯಿ ಒಣಗಿದ ರಾಡಿಯ ಮೇಲೆ ಬರಿಗಾಲಲ್ಲಿ ನಡೆದುಹೋಗಿ ಆ ಎರಡು ಕಲ್ಲುಗಳ ಹತ್ತಿರ ಬತ್ತಿ ಹಚ್ಚುತ್ತಿದ್ದಳು. ನೀರು ಇಳಿಯದ ವರ್ಷ ದಂಡೆಯ ಮೇಲೆಯೇ ನಿಂತು ಬರುತ್ತಿದ್ದಳು.

ನಾನು ಕಾಲೇಜು ಸೇರಿದ ವರ್ಷ ಆಯಿ ಹಾಸಿಗೆ ಹಿಡಿದಳು. ಒಂದು ರಾತ್ರಿ ನನ್ನನ್ನು ಕರೆದು ಕೇಳಿದಳು: “ಮುತ್ಯಾ ನೀರಾಗ ಅದಾನ. ನನ್ನ ಇಲ್ಲಿ ದಿನ್ನಿ ಮ್ಯಾಲ ಇಡ್ತೀರಿ. ತುತ್ತೂರಿ ಊದಿದ ದಿವಸ ಅಂವ ಒಂದ್ ಕಡೆ ಏಳ್ತಾನ, ನಾ ಒಂದ್ ಕಡೆ ಏಳ್ತೀನಿ. ಕೂಡೂದು ಹ್ಯಾಂಗ? ನೀ ಓದಾಕಿ, ಹೇಳು.”

ಇಂಥ ಪ್ರಶ್ನೆಗೆ ಪಠ್ಯಪುಸ್ತಕದಲ್ಲಿ ಉತ್ತರವಿರುವುದಿಲ್ಲ. ನಮ್ಮ ಅಯ್ಯನವರನ್ನು ಕೇಳಿದೆ. ಅವರು ಕೊಟ್ಟ ಪುಸ್ತಕಗಳನ್ನು ಓದಿದೆ. ಅಲ್ಲಿ ನನಗೆ ಸಿಕ್ಕಿದ ಸಂಗತಿ ಇದು. ಕ್ರಿ.ಶ. 177ರಲ್ಲಿ ಫ್ರಾನ್ಸಿನ ಲಿಯೋನ್ ಪಟ್ಟಣದಲ್ಲಿ ಕ್ರೈಸ್ತರನ್ನು ಹಿಂಸಿಸಿ ಕೊಂದರು. ಇವರು ಮತ್ತೆ ಏಳುವೆವೆಂದು ಹೇಳುತ್ತಾರಲ್ಲವೆ, ಏಳದಂತೆ ಮಾಡೋಣವೆಂದು ಕೊಂದವರು ಹೆಣಗಳನ್ನು ಸುಟ್ಟು, ಬೂದಿಯನ್ನು ರೋನ್ ನದಿಗೆ ಚೆಲ್ಲಿದರು. ಇದನ್ನು ಹಳೆಯ ಇತಿಹಾಸಕಾರ ಯೂಸೇಬಿಯನು ದಾಖಲಿಸಿದ್ದಾನೆ. ಉಳಿದ ಕ್ರೈಸ್ತರು ಹೂಳಲು ದೇಹಗಳು ಸಿಗಲಿಲ್ಲವೆಂದು ಅತ್ತರು. ಆದರೆ ತಮ್ಮವರು ಏಳಲಾರರೆಂದು ನಂಬಲಿಲ್ಲ. ಇಲ್ಲದುದರಿಂದ ಎಲ್ಲವನ್ನೂ ಮಾಡಿದ ದೇವರಿಗೆ ಹೊಳೆಯ ನೀರು ಅಡ್ಡಿಯಾಗಲಾರದು. ಸಮುದ್ರವು ತನ್ನೊಳಗಿನ ಸತ್ತವರನ್ನು ಒಪ್ಪಿಸುವುದೆಂದು ಪ್ರಕಟನೆಯ ಗ್ರಂಥವೂ ಹೇಳುತ್ತದೆ. ನಾವು ಮೂಡಣಕ್ಕೆ ಕಾಲಿಟ್ಟು ಹೂಳುವುದು ನಮ್ಮ ನಂಬಿಗೆಯ ಗುರುತೇ ಹೊರತು ದೇವರಿಗೆ ತೋರಿಸುವ ವಿಳಾಸವಲ್ಲ.

ಇದನ್ನೆಲ್ಲ ಆಯಿಗೆ ನಮ್ಮ ಮಾತಿನಲ್ಲಿ ಹೇಳಿದೆ. ಅವಳು ಸುಮ್ಮನೆ ಕೇಳಿ, “ಸಣ್ಣಾಂವ? ಅಂವ ದೊಡ್ಡಾಂವ ಆಗಿ ಎದ್ರ ನಾ ಗುರುತ ಹಿಡಿಯೂದು ಹ್ಯಾಂಗ?” ಎಂದಳು. ಎಳೆಯ ಮಕ್ಕಳು ಪೂರ್ಣ ಬೆಳೆದವರಾಗಿ ಏಳುವರೆಂದು ಸಂತ ಅಗಸ್ಟೀನನು 5ನೆಯ ಶತಮಾನದಲ್ಲಿಯೇ ಬರೆದಿದ್ದಾನೆ. ಆದರೆ ಆ ತರ್ಕವು ತಾಯಿಯ ಕರುಳಿಗೆ ಸಮಾಧಾನ ಕೊಡುವಂತಿರಲಿಲ್ಲ. ಆಗ ನನಗೆ ಮಗ್ದಲದ ಮರಿಯಳ ಕಥೆ ನೆನಪಾಯಿತು. ಎದ್ದ ಯೇಸುವನ್ನು ಎದುರಿಗೆ ಕಂಡರೂ ಅವಳು ತೋಟಗಾರನೆಂದು ತಿಳಿದಳು. ಆತನು ಹೆಸರು ಹಿಡಿದು ಕರೆದಾಗ ಗುರುತು ಹತ್ತಿತು. ಅದನ್ನು ಹೇಳಿದೆ. ಆಯಿ ನಕ್ಕಳು. “ಹೌದವಾ, ಅಂವಾ ಅವ್ವಾ ಅಂದ್ರ ಸಾಕು, ನನಗ ತಿಳೀತೈತಿ” ಎಂದಳು.

2023ರ ಜನವರಿ 2ರಂದು ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರು ತೀರಿಕೊಂಡರು. ತಮ್ಮ ದೇಹವನ್ನು ಅಗ್ನಿಗೆ ಅರ್ಪಿಸಬೇಕು, ಯಾವ ಸ್ಮಾರಕವನ್ನೂ ಕಟ್ಟಬಾರದು ಎಂದು ಅವರು ಮೊದಲೇ ಬರೆದಿಟ್ಟಿದ್ದರು. ನಮ್ಮ ಕೇರಿಯ ಎಲ್ಲ ಮತದವರೂ ಆ ದಿನ ಕಣ್ಣೀರಿಟ್ಟರು. ಸುದ್ದಿ ಕೇಳಿದ ಆಯಿ, “ಅಷ್ಟ ದೊಡ್ಡವ್ರು ಗುರುತ ಬ್ಯಾಡ ಅಂದ್ರು. ನನ್ನ ಮುದುಕಗ ಕಲ್ಲ ಯಾಕ ಬೇಕು, ಹೊಳಿನ ಸಾಕು” ಎಂದಳು. ಸ್ವಾಮೀಜಿಯವರ ತತ್ತ್ವವೂ ಆಯಿಯ ನಂಬಿಗೆಯೂ ಒಂದೇ ಅಲ್ಲ. ಆದರೂ ಒಬ್ಬರ ನಿರ್ಮೋಹವು ಮತ್ತೊಬ್ಬರ ಭಯವನ್ನು ಕಳೆಯಿತು. ನಮ್ಮ ಸೀಮೆಯಲ್ಲಿ ಮತಗಳು ಹೀಗೆ ಒಂದಕ್ಕೊಂದು ಸಹಾಯ ಮಾಡುತ್ತವೆ. ಒಂದು ವರ್ಷದ ತರುವಾಯ ಆಯಿ ತೀರಿಕೊಂಡಳು. ದಿನ್ನೆಯ ಮೇಲೆಯೇ ಇಟ್ಟೆವು.

ಇನ್ನು ನಿತ್ಯ ಜೀವನದ ಮಾತು. ಪುನರುತ್ಥಾನದ ನಂಬಿಗೆಯು ದುಃಖವನ್ನು ಇಲ್ಲವೆನಿಸುತ್ತದೆಂದು ಯಾರೂ ತಿಳಿಯಬಾರದು. ಲಾಜರನನ್ನು ಎಬ್ಬಿಸಲು ಹೊರಟ ಯೇಸುವೇ ಅವನ ಸಮಾಧಿಯ ಬಳಿ ಅತ್ತನು. ನಾವೂ ಅತ್ತೆವು. ಆದರೆ ಈ ನಂಬಿಗೆಯು ಮೊದಲಾಗಿ ದೇಹಕ್ಕೆ ಗೌರವ ಕೊಡಲು ಕಲಿಸುತ್ತದೆ. ದೇವರು ಎಬ್ಬಿಸಲಿರುವ ದೇಹವನ್ನು ಹೊಲಸೆಂದೂ ಹೊರೆಯೆಂದೂ ಕಾಣಲಾಗದು. ಕೊನೆಯ ಮೂರು ತಿಂಗಳು ನಮ್ಮ ಅವ್ವ ಕೂಲಿಯಿಂದ ಬಂದು ಆಯಿಯನ್ನು ದಿನಾಲು ತೊಳೆದು, ಮಗ್ಗುಲು ಬದಲಿಸಿ, ಬಾಯಿಗೆ ಅಂಬಲಿ ಹಾಕುತ್ತಿದ್ದಳು. ಓದು ಬಾರದ ಅವ್ವನಿಗೆ ಪೌಲನ ಪತ್ರಿಕೆ ಗೊತ್ತಿಲ್ಲ. ಅದರ ಅರ್ಥ ಅವಳ ಕೈಗಳಿಗೆ ಗೊತ್ತಿತ್ತು. ಯಾಯೀರನ ಮಗಳನ್ನು ಎಬ್ಬಿಸಿದ ಕೂಡಲೆ ಯೇಸು ಹೇಳಿದ ಮಾತು, ಈ ಹುಡುಗಿಗೆ ಉಣ್ಣಲು ಏನಾದರೂ ಕೊಡಿರೆಂದು. ಎಬ್ಬಿಸುವುದಕ್ಕೂ ಉಣಿಸುವುದಕ್ಕೂ ನಡುವೆ ಅಂತರವಿಲ್ಲ.

ಎರಡನೆಯದಾಗಿ, ಇದು ದುಡಿತಕ್ಕೆ ಅರ್ಥ ಕೊಡುತ್ತದೆ. ಕೊರಿಂಥದ ಪತ್ರಿಕೆಯ ಆ ದೊಡ್ಡ ಅಧ್ಯಾಯದಲ್ಲಿ 58 ವಚನಗಳಿವೆ. 57 ವಚನಗಳ ಕಾಲ ಸಾವನ್ನೂ ಏಳುವುದನ್ನೂ ಕುರಿತು ವಾದಿಸಿದ ಪೌಲನು ಕೊನೆಯ ವಚನದಲ್ಲಿ ಸ್ವರ್ಗದ ವರ್ಣನೆಗೆ ಹೋಗುವುದಿಲ್ಲ. ನಿಮ್ಮ ಕಷ್ಟದ ದುಡಿತ ವ್ಯರ್ಥವಲ್ಲ, ದುಡಿಯುತ್ತಿರಿ ಎಂದು ಮುಗಿಸುತ್ತಾನೆ. ಮುಂದಿನ ಅಧ್ಯಾಯದ ಮೊದಲ ಮಾತೇ ಬಡವರಿಗಾಗಿ ಹಣ ಕೂಡಿಸುವ ವಿಷಯ. ನಮ್ಮ ಅಪ್ಪ ಗೌಂಡಿ ಕೆಲಸಕ್ಕೆ ವರ್ಷದ ಆರು ತಿಂಗಳು ಗೋವೆಯಲ್ಲಿರುತ್ತಾನೆ. ಸಿಂದಗಿ, ಇಂಡಿ, ಮುದ್ದೇಬಿಹಾಳಗಳಿಂದ ಹೀಗೆ ಗುಳೆ ಹೋಗುವ ಸಾವಿರಾರು ಜನರಲ್ಲಿ ಅವನೂ ಒಬ್ಬ. ಅವನು ಕಟ್ಟಿದ ಮನೆಗಳಲ್ಲಿ ಬೇರೆಯವರು ವಾಸಿಸುತ್ತಾರೆ. ಅವನ ಹೆಸರು ಯಾವ ಗೋಡೆಯ ಮೇಲೂ ಇಲ್ಲ. ಆ ಬೆವರು ಮಣ್ಣುಪಾಲಾಯಿತೆಂದು ಲೋಕವು ಹೇಳಬಹುದು. ಮಣ್ಣುಪಾಲಾದದ್ದನ್ನು ಎಬ್ಬಿಸುವ ದೇವರನ್ನು ನಂಬಿದವಳು ಹಾಗೆ ಹೇಳಲಾರಳು.

ಮೂರನೆಯದಾಗಿ, ಇದು ಧೈರ್ಯ ಕೊಡುತ್ತದೆ. ಸಾವೇ ಕೊನೆಯಲ್ಲವೆಂದ ಮೇಲೆ ಅವಮಾನವಾಗಲಿ, ಪರೀಕ್ಷೆಯ ಸೋಲಾಗಲಿ, ಹುಟ್ಟಿದ ಕೇರಿಯಾಗಲಿ ಕೊನೆಯ ಮಾತಾಗಲಾರದು. ಮತ್ತೊಬ್ಬರನ್ನು ತುಳಿದಿಡುವವನು ಸಮಾಧಿಗೆ ಕಲ್ಲು ಮುಚ್ಚಿದವರ ಪಕ್ಷದವನು. ಎತ್ತಿ ನಿಲ್ಲಿಸುವವನು ಯಾವ ಮತದವನಾದರೂ ಕಲ್ಲು ಉರುಳಿಸಿದವರ ಪಕ್ಷದವನು.

ಪ್ರಿಯ ವಾಚಕರೇ, ಮರಣವನ್ನೇ ಹಬ್ಬವೆಂದು ಎಣಿಸಿದ ಶರಣರು ಹುಟ್ಟಿದ ನೆಲವಿದು. ಇಂಥ ನೆಲದಲ್ಲಿ ಪುನರುತ್ಥಾನದ ಮಾತು ಪರಕೀಯವೆನಿಸಲಾರದು. ನಮ್ಮ ನಮ್ಮ ಗ್ರಂಥಗಳು ಸಾವಿನ ಆಚೆಯನ್ನು ಬೇರೆ ಬೇರೆಯಾಗಿ ಹೇಳಲಿ. ಈಚೆಯ ಕೆಲಸ ಮಾತ್ರ ಎಲ್ಲರಿಗೂ ಒಂದೇ. ಬಿದ್ದವರ ಹತ್ತಿರ ಹೋಗುವುದು, ಹೆಸರು ಹಿಡಿದು ಕರೆಯುವುದು, ಕೈ ಕೊಡುವುದು, ಎದ್ದ ಮೇಲೆ ಒಂದು ತುತ್ತು ಉಣಿಸುವುದು. ವರ್ಷಕ್ಕೊಂದು ರವಿವಾರ ಬರುವ ಹಬ್ಬವು ಉಳಿದ ದಿನಗಳಲ್ಲಿ ನಮ್ಮಿಂದ ಬೇಡುವುದು ಇಷ್ಟನ್ನೇ.